ಕೆಲಸ ಹುಡುಕುವ ವೀಸಾದಲ್ಲಿ ಪಾರ್ಟ್‌ಟೈಮ್ ದುಡಿಮೆ: ವಾರಕ್ಕೆ 20 ಗಂಟೆಯ ಲೆಕ್ಕಾಚಾರ

ತೀರ್ಥಹಳ್ಳಿಯಿಂದ ಸಾಗರದವರೆಗೆ ಈಗ ಯಾವ ಮನೆಯ ಗೃಹಪ್ರವೇಶಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಜರ್ಮನಿಯ ಮಾತು ತೆಗೆಯುತ್ತಾರೆ. ಕೆಲಸ ಹುಡುಕುವುದಕ್ಕೆಂದೇ ಅಲ್ಲಿ ಒಂದು ವರ್ಷದ ವೀಸಾ ಕೊಡುತ್ತಾರಂತೆ, ಒಳ್ಳೆಯ ಕೆಲಸ ಸಿಗುವವರೆಗೆ ಹೋಟೆಲಿನಲ್ಲೋ ಗೋದಾಮಿನಲ್ಲೋ ಪಾರ್ಟ್‌ಟೈಮ್ ಮಾಡಿಕೊಂಡರೆ ಖರ್ಚು ಕಳೆಯುತ್ತದಂತೆ, ಊರಿನಿಂದ ಒಂದು ಪೈಸೆ ತರಿಸಿಕೊಳ್ಳಬೇಕಿಲ್ಲವಂತೆ. ಇದರಲ್ಲಿ ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ನಂಬಿ ಹೊರಟವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಗೊಂದಲಕ್ಕೆ ಕಾರಣ ಸುಳ್ಳು ಸುದ್ದಿಯಲ್ಲ. ಹೇಳುವವರು ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ, ಆದರೆ ಅದು ಅವರ ಮಗನ ವೀಸಾದ ನಿಜ. ವಿದ್ಯಾರ್ಥಿಯಾಗಿ ಹೋದವನ ನಿಯಮವೇ ಬೇರೆ, ಅಲ್ಲೇ ಓದು ಮುಗಿಸಿ ಕೆಲಸ ಹುಡುಕುತ್ತಿರುವವಳ ನಿಯಮ ಬೇರೆ, ಇಲ್ಲಿಂದ ನೇರವಾಗಿ ಕೆಲಸ ಹುಡುಕಲು ಹೋದವನ ನಿಯಮ ಮತ್ತೂ ಬೇರೆ.

ಮೊದಲು ಜರ್ಮನಿಯಲ್ಲಿ ಇದ್ದದ್ದು ಆರು ತಿಂಗಳ ಜಾಬ್ ಸೀಕರ್ ವೀಸಾ. ಸಂಬಳಕ್ಕೆ ದುಡಿಯಲು ಅದರಲ್ಲಿ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ಕೈಯಲ್ಲಿದ್ದ ಹಣ ಕರಗುವುದರೊಳಗೆ ಕೆಲಸ ಹಿಡಿಯಬೇಕು, ಇಲ್ಲವಾದರೆ ಮರಳಬೇಕು. 2024ರ ಜೂನ್ 1ರಿಂದ ಅದರ ಜಾಗಕ್ಕೆ ಚಾನ್ಸೆನ್‌ಕಾರ್ಟೆ ಬಂತು. ನಮ್ಮ ಕಡೆಯ ಏಜೆಂಟರು ಆಪರ್ಚುನಿಟಿ ಕಾರ್ಡ್ ಎಂದು ಬೋರ್ಡು ಹಾಕಿಕೊಂಡಿರುವುದು ಇದಕ್ಕೇ. ಜರ್ಮನಿಯ ವಾಸ್ತವ್ಯ ಕಾನೂನಿನ 20ಎ ಕಲಮಿನಲ್ಲಿ ಇದರ ವಿವರಗಳಿವೆ. ಅವಧಿ ಗರಿಷ್ಠ ಒಂದು ವರ್ಷ, ಮತ್ತು ಹುಡುಕುವ ಕಾಲದಲ್ಲಿ ಸ್ವಲ್ಪ ದುಡಿಯಲು ಅನುಮತಿ ಉಂಟು. ಅದೇ 2024ರ ಅಕ್ಟೋಬರಿನಲ್ಲಿ ಜರ್ಮನಿಯು ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಈ 90,000 ಎಂಬ ಅಂಕಿಯನ್ನು ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ನೋಡುತ್ತೀರಿ. ಅದು ನುರಿತ ಕೆಲಸಗಾರರ ವೀಸಾಗಳ ಒಟ್ಟು ಸಂಖ್ಯೆಯೇ ಹೊರತು ಕೆಲಸ ಹುಡುಕುವ ಕಾರ್ಡಿನ ಕೋಟಾ ಅಲ್ಲ.

ಒಂದೇ ಮನೆ, ಮೂರು ನಿಯಮ

ಬರ್ಲಿನ್ನಿನ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಜಿಲ್ಲೆಯ ಮೂವರಿದ್ದಾರೆ ಎಂದಿಟ್ಟುಕೊಳ್ಳೋಣ. ತೀರ್ಥಹಳ್ಳಿಯ ಹುಡುಗ ಅಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸಾಗರದ ಹುಡುಗಿ ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮಾಡಿ ಬೆಂಗಳೂರಿನಲ್ಲಿ ಮೂರು ವರ್ಷ ದುಡಿದ ಇನ್ನೊಬ್ಬ ಚಾನ್ಸೆನ್‌ಕಾರ್ಟೆ ಹಿಡಿದು ಬಂದಿದ್ದಾನೆ. ಮನೆಯ ಕೆಳಗಿನ ಬೇಕರಿಯವನು ಮೂವರನ್ನೂ ಕೆಲಸಕ್ಕೆ ಕರೆಯುತ್ತಾನೆ.

ವಿದ್ಯಾರ್ಥಿಗೆ ದಿನಗಳ ಲೆಕ್ಕ. 2024ರ ಮಾರ್ಚ್ 1ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಆತ ದುಡಿಯಬಹುದು. ಮೊದಲು ಇದು 120 ಮತ್ತು 240 ಇತ್ತು. ನಾಲ್ಕು ಗಂಟೆಯವರೆಗಿನ ಕೆಲಸ ಅರ್ಧ ದಿನ. ರಜೆಯಲ್ಲಿ ಹೆಚ್ಚು, ಪರೀಕ್ಷೆಯ ಕಾಲದಲ್ಲಿ ಕಡಿಮೆ ಎಂದು ಹಂಚಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ.

ಓದು ಮುಗಿಸಿದ ಹುಡುಗಿಗೆ ಹದಿನೆಂಟು ತಿಂಗಳ ಪರವಾನಗಿ ಸಿಗುತ್ತದೆ. ಈ ಅವಧಿಯಲ್ಲಿ ಗಂಟೆಯ ಮಿತಿಯೇ ಇಲ್ಲ. ಬೇಕರಿಯಲ್ಲಿ ಪೂರ್ಣಾವಧಿ ನಿಲ್ಲಬಹುದು, ಸ್ವಂತ ವ್ಯವಹಾರವನ್ನೂ ಮಾಡಬಹುದು. ಅವಳೂ ಕಾನೂನಿನ ಕಣ್ಣಿನಲ್ಲಿ ಕೆಲಸ ಹುಡುಕುವವಳೇ. ಊರಿಗೆ ಫೋನ್ ಮಾಡಿದಾಗ "ಜಾಬ್ ಸೀಕರ್ ಪರ್ಮಿಟ್‌ನಲ್ಲಿದ್ದೇನೆ, ಫುಲ್‌ಟೈಮ್ ಕೆಲಸ ಮಾಡುತ್ತಿದ್ದೇನೆ" ಎನ್ನುತ್ತಾಳೆ. ಅದು ಅಕ್ಷರಶಃ ಸತ್ಯ, ಮತ್ತು ನಮ್ಮೂರಿನಲ್ಲಿ ಹಬ್ಬಿರುವ ಅರ್ಧದಷ್ಟು ತಪ್ಪು ತಿಳಿವಳಿಕೆಯ ಮೂಲವೂ ಬಹುಶಃ ಇಂಥ ಸತ್ಯಗಳೇ.

ಶಿವಮೊಗ್ಗದವನಿಗೆ ಈ ಎರಡೂ ಅನ್ವಯಿಸುವುದಿಲ್ಲ. ಅವನ ಕಾರ್ಡ್ ಕೊಡುವ ಅನುಮತಿ ಎರಡು ಬಗೆಯದು. ಮೊದಲನೆಯದು, ಎಲ್ಲ ಕೆಲಸಗಳೂ ಸೇರಿ ಸರಾಸರಿ ವಾರಕ್ಕೆ ಹೆಚ್ಚೆಂದರೆ 20 ಗಂಟೆಯ ನೌಕರಿ. ಎರಡನೆಯದು, ಒಬ್ಬೊಬ್ಬ ಮಾಲೀಕರ ಬಳಿ ಹೆಚ್ಚೆಂದರೆ ಎರಡು ವಾರದ ಪ್ರಾಯೋಗಿಕ ಕೆಲಸ. ಇವೆರಡರ ಉದ್ದೇಶವೇ ಬೇರೆ ಬೇರೆಯಾದ್ದರಿಂದ ಬಿಡಿಸಿ ನೋಡಬೇಕು.

ಇಪ್ಪತ್ತು ಗಂಟೆಯ ಕೆಲಸಕ್ಕೂ ಓದಿಗೂ ಸಂಬಂಧವಿರಬೇಕೆಂದಿಲ್ಲ. ಮೆಕ್ಯಾನಿಕಲ್ ಎಂಜಿನಿಯರ್ ಪಾತ್ರೆ ತೊಳೆಯಬಹುದು, ಸೂಪರ್ ಮಾರ್ಕೆಟ್ಟಿನ ಕಪಾಟು ತುಂಬಬಹುದು. ಅದಕ್ಕೆ ಉದ್ಯೋಗ ಇಲಾಖೆಯ ಪ್ರತ್ಯೇಕ ಒಪ್ಪಿಗೆಯೂ ಬೇಡ. ಬೇಕರಿಯಲ್ಲಿ 12 ಗಂಟೆ, ಹೋಟೆಲಿನಲ್ಲಿ 8 ಗಂಟೆ ಎಂದು ಎರಡು ಕಡೆ ಹಂಚಿಕೊಳ್ಳುವುದೂ ಸರಿ. ಆದರೆ ಬೇಕರಿಯವನಿಗೆ ಹೋಟೆಲಿನ ಲೆಕ್ಕ ಗೊತ್ತಿರುವುದಿಲ್ಲ, ಹೋಟೆಲಿನವನಿಗೆ ಬೇಕರಿಯದು ಗೊತ್ತಿರುವುದಿಲ್ಲ. ಕೂಡಿ ನೋಡುವ ಜವಾಬ್ದಾರಿ ದುಡಿಯುವವನದೇ. ಕಾನೂನಿನಲ್ಲಿ ಸರಾಸರಿ ಎಂದು ಬರೆದಿದೆ ನಿಜ. ಆದರೂ ಒಂದು ವಾರ 30, ಮುಂದಿನ ವಾರ 10 ಎಂದು ಹೊಂದಿಸುತ್ತ ಹೋಗಿ ನಾಳೆ ಅಧಿಕಾರಿಯ ಮುಂದೆ ಸರಾಸರಿಯ ಗಣಿತ ಒಪ್ಪಿಸುವುದಕ್ಕಿಂತ ಪ್ರತಿ ವಾರವೂ 20ರ ಒಳಗೇ ಇರುವುದು ಜಾಣತನ. ಗಂಟೆಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಂಬಳದ ಚೀಟಿಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ.

ಎರಡು ವಾರದ ಪ್ರಾಯೋಗಿಕ ಕೆಲಸ ಹಾಗಲ್ಲ. ಅದನ್ನು ಪೂರ್ಣಾವಧಿ ಮಾಡಬಹುದು, ಆದರೆ ಅದರ ಗುರಿ ನಿಮ್ಮ ವಿದ್ಯೆಗೆ ತಕ್ಕ ನೌಕರಿಯಾಗಿರಬೇಕು, ಇಲ್ಲವೇ ವೃತ್ತಿ ತರಬೇತಿಯೋ ಪದವಿಯ ಮಾನ್ಯತೆಗೆ ಬೇಕಾದ ತರಬೇತಿಯೋ ಆಗಿರಬೇಕು. ಪಾತ್ರೆ ತೊಳೆಯುವುದನ್ನು ಪ್ರಯೋಗ ಎಂದು ಕರೆದು ಎರಡು ವಾರ ಪೂರ್ಣಾವಧಿ ಮಾಡುವಂತಿಲ್ಲ. ಒಂದು ಸಾಫ್ಟ್‌ವೇರ್ ಕಂಪನಿ "ಹತ್ತು ದಿನ ನಮ್ಮ ತಂಡದ ಜೊತೆ ಕೂತು ನೋಡಿ" ಎಂದರೆ ಅದು ಈ ಅನುಮತಿಯ ಒಳಗೆ ಬರುತ್ತದೆ. ಅಲ್ಲಿ ಆಗಲಿಲ್ಲವೆಂದರೆ ಮುಂದಿನ ತಿಂಗಳು ಇನ್ನೊಂದು ಕಂಪನಿಯಲ್ಲಿ ಮತ್ತೆ ಎರಡು ವಾರ. ನನ್ನ ದೃಷ್ಟಿಯಲ್ಲಿ ಇಡೀ ಕಾರ್ಡಿನ ಅಮೂಲ್ಯ ಭಾಗ ಇದೇ, ನಮ್ಮವರು ಕಡಿಮೆ ವಿಚಾರಿಸುವುದೂ ಇದನ್ನೇ. ಎಲ್ಲರೂ ಕೇಳುವುದು ಇಪ್ಪತ್ತು ಗಂಟೆಯಲ್ಲಿ ಎಷ್ಟು ಯೂರೋ ಬರುತ್ತದೆ ಎಂದು.

ಇನ್ನೊಂದು ಎಚ್ಚರಿಕೆ. ಅನುಮತಿ ಇರುವುದು ನೌಕರಿಗೆ, ಅಂದರೆ ಒಬ್ಬ ಮಾಲೀಕ, ಒಂದು ಕರಾರು, ತಿಂಗಳ ಸಂಬಳ ಇರುವ ಕೆಲಸಕ್ಕೆ. ಸ್ವತಂತ್ರವಾಗಿ ಬಿಲ್ ಬರೆದು ಹಣ ಪಡೆಯುವ ದುಡಿಮೆಗೆ ಅಲ್ಲ. ವೆಬ್‌ಸೈಟ್ ಮಾಡಿಕೊಡುವುದು, ಫೋಟೋ ತೆಗೆಯುವುದು, ಮಕ್ಕಳಿಗೆ ಪಾಠ ಹೇಳಿ ಪ್ರತ್ಯೇಕವಾಗಿ ಶುಲ್ಕ ಪಡೆಯುವುದು, ಇವೆಲ್ಲ ವಾರಕ್ಕೆ ಎರಡೇ ಗಂಟೆಯಾದರೂ ಈ ಕಾರ್ಡಿನ ವ್ಯಾಪ್ತಿಯ ಹೊರಗೆ. ಸೈಕಲ್ಲಿನಲ್ಲಿ ಊಟ ತಲುಪಿಸುವ ಕೆಲಸದಲ್ಲಿಯೂ ಇದನ್ನು ನೋಡಬೇಕು. ನೌಕರನೆಂದು ಕರಾರು ಮಾಡಿಕೊಂಡರೆ ಸರಿ, ಸ್ವಂತ ಉದ್ಯೋಗಿಯೆಂದು ಸಹಿ ಹಾಕಿಸಿಕೊಂಡರೆ ತೊಂದರೆ. ಕೆಲಸ ಒಂದೇ, ಸೈಕಲ್ ಒಂದೇ, ಕಾಗದ ಮಾತ್ರ ಬೇರೆ.

ಒಂದು ತೋಟಕ್ಕೆ ಎರಡು ಬೇಲಿ

ಅತಿ ಹೆಚ್ಚು ಜನ ಎಡವುವುದು ಮಿನಿಜಾಬ್ ಎಂಬ ಮಾತಿನಲ್ಲಿ. ಜರ್ಮನಿಯಲ್ಲಿ ತಿಂಗಳಿಗೆ ಒಂದು ಮೊತ್ತದವರೆಗಿನ ಸಣ್ಣ ಕೆಲಸಕ್ಕೆ ಮಿನಿಜಾಬ್ ಎನ್ನುತ್ತಾರೆ. 2025ರಲ್ಲಿ ಆ ಮಿತಿ 556 ಯೂರೋ ಇತ್ತು, 2026ರಿಂದ 603 ಯೂರೋ. ಈ ಮಿತಿಯ ಒಳಗಿದ್ದರೆ ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಇತ್ಯಾದಿ ಕಡಿತಗಳು ನೌಕರನ ಕೈಯಿಂದ ಹೋಗುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಗೂ ಗೃಹಿಣಿಯರಿಗೂ ಇದು ಅಚ್ಚುಮೆಚ್ಚು.

ಇದನ್ನು ಕೇಳಿದವರು ಎರಡು ರೀತಿ ತಪ್ಪು ತಿಳಿಯುತ್ತಾರೆ. ಒಬ್ಬ ತನ್ನ ವೀಸಾದಲ್ಲಿ ಮಿನಿಜಾಬ್ ಬಿಟ್ಟು ಬೇರೇನೂ ಮಾಡುವಂತಿಲ್ಲ ಎಂದುಕೊಂಡು ಅರ್ಧ ಅವಕಾಶ ಕಳೆದುಕೊಳ್ಳುತ್ತಾನೆ. ಇನ್ನೊಬ್ಬ ಮಿನಿಜಾಬ್ ಲೆಕ್ಕಕ್ಕೇ ಬರುವುದಿಲ್ಲ, ಅದರ ಮೇಲೆ 20 ಗಂಟೆ ಬೇರೆ ಮಾಡಬಹುದು ಎಂದುಕೊಂಡು ಕಾನೂನು ಮೀರುತ್ತಾನೆ. ಇವೆರಡು ಒಂದೇ ತೋಟಕ್ಕೆ ಹಾಕಿದ ಎರಡು ಬೇಲಿಗಳು. 20 ಗಂಟೆ ಎಂಬುದು ವಾಸ್ತವ್ಯದ ಕಾನೂನಿನ ಬೇಲಿ, ನೀವು ಎಷ್ಟು ಹೊತ್ತು ದುಡಿಯಬಹುದು ಎಂಬುದನ್ನು ಹೇಳುತ್ತದೆ. 603 ಯೂರೋ ಎಂಬುದು ಸಾಮಾಜಿಕ ವಿಮೆಯ ಬೇಲಿ, ನಿಮ್ಮ ಸಂಬಳದಿಂದ ಏನೇನು ಕಡಿಯಬೇಕು ಎಂಬುದನ್ನು ಹೇಳುತ್ತದೆ. ಒಂದನ್ನು ದಾಟದಿದ್ದ ಮಾತ್ರಕ್ಕೆ ಇನ್ನೊಂದರ ಒಳಗಿದ್ದೀರಿ ಎಂದಾಗುವುದಿಲ್ಲ.

ಅಂಕಿಯಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಅಲ್ಲಿಯ ಕನಿಷ್ಠ ವೇತನ 2026ರ ಜನವರಿ 1ರಿಂದ ಗಂಟೆಗೆ 13.90 ಯೂರೋ. ಈ ದರದಲ್ಲಿ 603 ಯೂರೋ ಆಗಲು ತಿಂಗಳಿಗೆ ಸುಮಾರು 43 ಗಂಟೆ ಸಾಕು, ಅಂದರೆ ವಾರಕ್ಕೆ ಸುಮಾರು ಹತ್ತೇ ಗಂಟೆ. ಹಾಗಾಗಿ ವಾರಕ್ಕೆ 20 ಗಂಟೆ ದುಡಿಯುವವನು ಮಿನಿಜಾಬ್ ಮಿತಿಯನ್ನು ದಾಟಿಯೇ ದಾಟುತ್ತಾನೆ, ಮತ್ತು ದಾಟುವುದು ತಪ್ಪೇನಲ್ಲ. ಆಗ ಕಡಿತಗಳು ಆರಂಭವಾಗುತ್ತವೆ, ಜೊತೆಗೆ ಅಲ್ಲಿಯ ಸಾರ್ವಜನಿಕ ಆರೋಗ್ಯ ವಿಮೆಯೂ ಆರಂಭವಾಗುತ್ತದೆ. ಬರೀ ಮಿನಿಜಾಬ್ ಮಾಡುವವನಿಗೆ ಕೆಲಸದ ಮೂಲಕ ಆ ವಿಮೆ ಸಿಗುವುದಿಲ್ಲ, ಇಲ್ಲಿಂದ ಹೋಗುವಾಗ ಮಾಡಿಸಿಕೊಂಡ ಖಾಸಗಿ ವಿಮೆಯನ್ನೇ ಮುಂದುವರಿಸಬೇಕು. ಹಲ್ಲುನೋವು ಬಂದ ದಿನ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಈಗ ಮನೆಯವರು ಕೇಳುವ ಪ್ರಶ್ನೆ: 20 ಗಂಟೆಯ ದುಡಿಮೆಯಿಂದ ಜೀವನ ಸಾಗುತ್ತದೆಯೇ? ವಾರಕ್ಕೆ 20 ಗಂಟೆ ಎಂದರೆ ತಿಂಗಳಿಗೆ ಸರಾಸರಿ 86 ಗಂಟೆ ಚಿಲ್ಲರೆ. ಕನಿಷ್ಠ ವೇತನದಲ್ಲಿ ಅದು ಸುಮಾರು 1,204 ಯೂರೋ, ಕಡಿತಕ್ಕೆ ಮೊದಲು. ಇತ್ತ ಕಾರ್ಡಿಗೆ ಅರ್ಜಿ ಹಾಕುವವನು ತನ್ನ ಬಳಿ ತಿಂಗಳಿಗೆ ಇಷ್ಟು ಹಣವಿದೆ ಎಂದು ತೋರಿಸಬೇಕಾದ ಮೊತ್ತ 2025ರ ಲೆಕ್ಕದಲ್ಲಿ 1,091 ಯೂರೋ, ಅದೂ ಕಡಿತವೆಲ್ಲ ಕಳೆದು ಕೈಗೆ ಬರುವ ಹಣ. ಅಂದರೆ ಕನಿಷ್ಠ ವೇತನದಲ್ಲಿ ಪೂರ್ತಿ 20 ಗಂಟೆ ದುಡಿದರೂ, ಬದುಕಲು ಕನಿಷ್ಠ ಇಷ್ಟು ಬೇಕು ಎಂದು ಆ ಸರ್ಕಾರವೇ ಹೇಳುವ ಮೊತ್ತವನ್ನು ಮುಟ್ಟುವ ಖಾತರಿಯಿಲ್ಲ. ಮ್ಯೂನಿಕ್‌ನಂಥ ದುಬಾರಿ ನಗರದಲ್ಲಂತೂ ಮಾತೇ ಬೇಡ. ಅಲ್ಲದೆ 20 ಗಂಟೆಯ ಕೆಲಸ ಮೊದಲ ವಾರವೇ ಸಿಗುವುದಿಲ್ಲ. ಮನೆ ಸಿಗಬೇಕು, ಮನೆ ಹೊಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ದೃಢೀಕರಣ ಬೇಕು, ಆ ವಿಳಾಸಕ್ಕೆ ಅಂಚೆಯಲ್ಲಿ ತೆರಿಗೆ ಸಂಖ್ಯೆ ಬರಬೇಕು, ಬ್ಯಾಂಕ್ ಖಾತೆ ಆಗಬೇಕು. ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ಎರಡು ತಿಂಗಳು ಕಳೆದರೆ ಆಶ್ಚರ್ಯವಿಲ್ಲ.

ಈ ಕಾರಣಕ್ಕೇ ಬಹುತೇಕರು ಬ್ಲಾಕ್ಡ್ ಅಕೌಂಟ್ ದಾರಿ ಹಿಡಿಯುತ್ತಾರೆ. 12 ತಿಂಗಳಿಗೆ 13,092 ಯೂರೋವನ್ನು ಮೊದಲೇ ತುಂಬಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 1,091ರಂತೆ ಬಿಡುಗಡೆಯಾಗುತ್ತದೆ. ಹಣ ನಿಮ್ಮದೇ, ಒಟ್ಟಿಗೆ ತೆಗೆಯುವಂತಿಲ್ಲ ಅಷ್ಟೆ. ಯೂರೋಗೆ ನೂರು ರೂಪಾಯಿ ಎಂದು ಸುಲಭ ಲೆಕ್ಕ ಹಿಡಿದರೂ 13 ಲಕ್ಷ. ಮಲೆನಾಡಿನ ಸಾಧಾರಣ ಅಡಿಕೆ ತೋಟದ ಮನೆಗೆ ಇದು ಎಷ್ಟು ದೊಡ್ಡ ಮೊತ್ತವೆಂದು ವಿವರಿಸಬೇಕಿಲ್ಲ. ಎಲೆಚುಕ್ಕಿ ರೋಗ ಹಬ್ಬಿರುವ ಊರುಗಳಲ್ಲಿ ಮುಂದಿನ ಬೆಳೆಯ ಮೇಲೆ ಭರವಸೆಯಿಟ್ಟು ಸಾಲ ಎತ್ತುವುದೂ ಧೈರ್ಯದ ಮಾತೇ. ಇದಕ್ಕೆ ಶಿಕ್ಷಣ ಸಾಲವನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಹೋಗುತ್ತಿರುವುದು ಓದಲು ಅಲ್ಲ. ಒಡವೆ ಅಡವಿಟ್ಟೋ, ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಿಯೋ ಹೊಂದಿಸುವವರೇ ಹೆಚ್ಚು. ಅಂಥವರಿಗೆ ಬಡ್ಡಿಯನ್ನು ಪಾರ್ಟ್‌ಟೈಮ್ ದುಡಿಮೆಯಿಂದ ಕಟ್ಟುತ್ತೇನೆ ಎಂಬ ಮಾತು ಕೊಡಬೇಡಿ.

ಬ್ಯಾಂಕಿನಲ್ಲಿ ಕಾದಿರುವ ಇನ್ನೊಂದು ಖರ್ಚಿನ ಬಗ್ಗೆ ಏಜೆಂಟರು ಮೊದಲೇ ಹೇಳುವುದು ಅಪರೂಪ. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು ವಿದೇಶಕ್ಕೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತದೆ. ಈ 10 ಲಕ್ಷದ ಮಿತಿ 2025ರ ಏಪ್ರಿಲ್ 1ರಿಂದ ಬಂದದ್ದು. ಓದಿಗೂ ಚಿಕಿತ್ಸೆಗೂ ಕಳಿಸುವ ಹಣಕ್ಕೆ ದರ ಕಡಿಮೆ. ಕೆಲಸ ಹುಡುಕಲು ಹೋಗುವುದು ಓದಲ್ಲವಾದ್ದರಿಂದ ಉಳಿದ ಉದ್ದೇಶಗಳ 20 ಶೇಕಡ ದರ ಬೀಳುತ್ತದೆ. 13 ಲಕ್ಷದಲ್ಲಿ ಮಿತಿ ದಾಟಿದ 3 ಲಕ್ಷಕ್ಕೆ ಸುಮಾರು 60,000 ರೂಪಾಯಿ. ಇದು ಕಳೆದುಹೋಗುವ ಹಣವಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಆದರೆ ಹಣ ಕಳಿಸುವ ದಿನ ಅಷ್ಟು ಹೆಚ್ಚುವರಿ ಕೈಯಲ್ಲಿರಬೇಕು. ಮಾರ್ಚ್ ಕೊನೆಯಲ್ಲಿ ಸ್ವಲ್ಪ, ಏಪ್ರಿಲ್ ಆರಂಭದಲ್ಲಿ ಸ್ವಲ್ಪ ಕಳಿಸಿದರೆ ಎರಡು ಆರ್ಥಿಕ ವರ್ಷಗಳಿಗೆ ಹಂಚಿಹೋಗುತ್ತದೆ.

ಬ್ಲಾಕ್ಡ್ ಅಕೌಂಟ್ ಬದಲು ಜರ್ಮನಿಯ ಪಾರ್ಟ್‌ಟೈಮ್ ಕೆಲಸದ ಕರಾರನ್ನು ತೋರಿಸಲು ಕಾನೂನಿನಲ್ಲಿ ಅವಕಾಶವಿದೆ. ಅಲ್ಲಿರುವ ಬಂಧುವೊಬ್ಬರು ಖರ್ಚಿನ ಹೊಣೆ ಹೊತ್ತು ಅಧಿಕೃತವಾಗಿ ಬರೆದುಕೊಡುವ ದಾರಿಯೂ ಇದೆ. ಕರಾರಿನ ದಾರಿ ಕೇಳಲು ಚೆಂದ, ಆದರೆ ಮೇಲಿನ ಗಣಿತ ನೆನಪಿರಲಿ: 20 ಗಂಟೆಯಲ್ಲಿ ಕೈಗೆ 1,091 ಬರಬೇಕೆಂದರೆ ಕನಿಷ್ಠ ವೇತನಕ್ಕಿಂತ ಚೆನ್ನಾಗಿ ಕೊಡುವ ಕೆಲಸವೇ ಬೇಕು. ಮುಖ ನೋಡದೆ, ಭಾಷೆ ಬಾರದವನಿಗೆ, ಕಡಲು ದಾಟಿ ಬರುವ ಮೊದಲೇ ಅಂಥ ಕರಾರು ಕೊಡುವ ಮಾಲೀಕರು ಅಪರೂಪ. ಹೀಗಾಗಿ "ಕರಾರನ್ನೂ ನಾವೇ ಮಾಡಿಸಿಕೊಡುತ್ತೇವೆ" ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ದಾಖಲೆ ಕೊಟ್ಟು ವೀಸಾ ಪಡೆಯುವುದು ಆ ದೇಶದಲ್ಲಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಕಾರ್ಡ್ ಯಾರಿಗೆ ಸಿಗುತ್ತದೆ

ಪದವಿಗೆ ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಇದ್ದವರಿಗೆ ಅಂಕಗಳ ಗೊಡವೆಯಿಲ್ಲ. ಉಳಿದವರು ಕನಿಷ್ಠ ಆರು ಅಂಕ ಕೂಡಿಸಬೇಕು. ಅದಕ್ಕೂ ಮೊದಲು ಸ್ವಂತ ದೇಶದಲ್ಲಿ ಮಾನ್ಯವಾದ ಪದವಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ ಇರಬೇಕು, ಜೊತೆಗೆ ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಮಟ್ಟದ ಪ್ರಮಾಣಪತ್ರ. ಭಾಷಾ ಜ್ಞಾನವನ್ನು ಅಲ್ಲಿ ಎ1ರಿಂದ ಸಿ2ವರೆಗಿನ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ, ಎ1 ಎಂದರೆ ಮೊದಲ ಮೆಟ್ಟಿಲು.

ನಮ್ಮ ಶಿವಮೊಗ್ಗದ ಎಂಜಿನಿಯರನನ್ನೇ ತೆಗೆದುಕೊಳ್ಳೋಣ. ವಯಸ್ಸು 27, 35ರ ಒಳಗಿರುವುದರಿಂದ ಎರಡು ಅಂಕ. ಕಳೆದ ಐದು ವರ್ಷದಲ್ಲಿ ಕನಿಷ್ಠ ಎರಡು ವರ್ಷ ತನ್ನ ವಿದ್ಯೆಗೆ ಸಂಬಂಧಿಸಿದ ಅನುಭವ, ಎರಡು ಅಂಕ. ಕೆಲಸಗಾರರ ಕೊರತೆಯಿರುವ ವೃತ್ತಿಗಳ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮತ್ತು ಐಟಿ ಇರುವುದರಿಂದ ಒಂದು ಅಂಕ. ಒಟ್ಟು ಐದು. ಎ1 ಜರ್ಮನ್‌ಗೆ ಅಂಕವಿಲ್ಲ. ಎ2 ಮುಗಿಸಿದರೆ ಒಂದು, ಬಿ1ಗೆ ಎರಡು, ಬಿ2ಗೆ ಮೂರು. ಇಂಗ್ಲಿಷ್ ಸಿ1 ಮಟ್ಟ ತೋರಿಸಿದರೂ ಒಂದು. ಆರನೆಯ ಅಂಕವನ್ನು ಇಂಗ್ಲಿಷ್ ಪರೀಕ್ಷೆ ಬರೆದು ಗಿಟ್ಟಿಸಿಕೊಳ್ಳುವುದು ಸುಲಭ, ಹೆಚ್ಚಿನವರು ಮಾಡುವುದೂ ಅದನ್ನೇ. ನಾನಾದರೆ ಆ ತಿಂಗಳುಗಳನ್ನು ಜರ್ಮನ್‌ಗೆ ಕೊಡುತ್ತಿದ್ದೆ. ಕಾರ್ಡಿಗೆ ಇಂಗ್ಲಿಷ್ ಸಾಕು, ಬೇಕರಿಯವನಿಗೆ ಸಾಲದು. ಅಲ್ಲಿಯ ಉದ್ಯೋಗ ಮಾರುಕಟ್ಟೆ ಈಗ ಬಿಗಿಯಾಗಿದೆ ಎಂಬುದನ್ನೂ ಮರೆಯಬಾರದು. 2025ರ ಆಗಸ್ಟಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ದಶಕದಲ್ಲಿ ಮೊದಲ ಬಾರಿಗೆ 30 ಲಕ್ಷ ದಾಟಿತ್ತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಕೆಯೂ ಪರೀಕ್ಷೆಯೂ ಇವೆ.

ಪದವಿಯನ್ನು ಅನಾಬಿನ್ ಎಂಬ ಜರ್ಮನ್ ದತ್ತಾಂಶ ಕೋಶದಲ್ಲಿ ಹುಡುಕುವಾಗ ಕಾಲೇಜಿನ ಹೆಸರು ಹಾಕಿ ಸಿಗಲಿಲ್ಲವೆಂದು ಕಂಗಾಲಾಗುವವರಿದ್ದಾರೆ. ಪದವಿ ಕೊಡುವುದು ಕಾಲೇಜಲ್ಲ, ವಿಶ್ವವಿದ್ಯಾಲಯ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರೂ ಪ್ರಮಾಣಪತ್ರದ ಮೇಲಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬಿ.ಕಾಂ. ಆದರೆ ಕುವೆಂಪು ವಿಶ್ವವಿದ್ಯಾಲಯ. ಆ ಹೆಸರಿನಲ್ಲಿ ಹುಡುಕಬೇಕು.

ನರ್ಸಿಂಗ್ ಓದಿದವರ ವಿಚಾರ ಸ್ವಲ್ಪ ಬೇರೆ. ಅವರ ವೃತ್ತಿಗೆ ಅಲ್ಲಿ ಪರವಾನಗಿ ಕಡ್ಡಾಯ. ಮಾನ್ಯತೆಗೆ ಅರ್ಜಿ ಹಾಕಿ, ಭಾಗಶಃ ಮಾನ್ಯತೆ ಸಿಕ್ಕಿದೆ, ಇಂತಿಂಥ ತರಬೇತಿ ಬಾಕಿಯಿದೆ ಎಂಬ ಆದೇಶ ಬಂದರೆ ಅದಕ್ಕೇ ನಾಲ್ಕು ಅಂಕ. ಆದರೆ ಪರವಾನಗಿ ಸಿಗುವವರೆಗೆ ಆ 20 ಗಂಟೆಯಲ್ಲಿ ಸಹಾಯಕಿಯಾಗಿ ದುಡಿಯಬಹುದೇ ಹೊರತು ನರ್ಸ್ ಆಗಿ ಅಲ್ಲ. ಅವರಿಗೆ ನನ್ನ ಸಲಹೆ, ಹುಡುಕುವ ಕಾರ್ಡಿನ ಹಿಂದೆ ಬೀಳುವ ಬದಲು ಇಲ್ಲಿರುವಾಗಲೇ ಆಸ್ಪತ್ರೆಯ ಜೊತೆ ಕರಾರು ಮಾಡಿಕೊಂಡು ಮಾನ್ಯತೆಗಾಗಿಯೇ ಇರುವ ವೀಸಾದಲ್ಲಿ ಹೋಗಿ. ಅಷ್ಟು ಬೇಡಿಕೆ ಅವರಿಗಿದೆ.

ಮಿತಿ ದಾಟಿದರೆ

"ಕೈಯಲ್ಲಿ ನಗದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ" ಎಂಬ ಮಾತು ಅಲ್ಲಿಗೆ ಹೋದವರ ಕಿವಿಗೆ ಬೇಗನೆ ಬೀಳುತ್ತದೆ. ಅಲ್ಲಿ ಕಾನೂನುಬಾಹಿರ ದುಡಿಮೆಯನ್ನು ತಪಾಸಣೆ ಮಾಡುವುದು ಸುಂಕ ಇಲಾಖೆಯ ಒಂದು ಪ್ರತ್ಯೇಕ ವಿಭಾಗ. ಹೋಟೆಲು, ಕಟ್ಟಡ ಕೆಲಸ, ಸರಕು ಸಾಗಣೆಯ ಕಡೆ ಮುನ್ಸೂಚನೆಯಿಲ್ಲದೆ ಬರುತ್ತಾರೆ. ವಿದೇಶಿಯನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಅವನ ಪರವಾನಗಿಯನ್ನು ಪರಿಶೀಲಿಸಿ ಪ್ರತಿಯನ್ನು ಇಟ್ಟುಕೊಂಡಿರಬೇಕು. ಅನುಮತಿಯಿಲ್ಲದೆ ದುಡಿದ ವಿದೇಶಿಗೆ 5,000 ಯೂರೋವರೆಗೆ, ದುಡಿಸಿಕೊಂಡ ಮಾಲೀಕನಿಗೆ 5 ಲಕ್ಷ ಯೂರೋವರೆಗೆ ದಂಡ ಹಾಕಬಹುದು. ದಂಡ ಕಟ್ಟಿ ಮುಗಿಯುವ ವಿಷಯವೂ ಅಲ್ಲ. ಮುಂದೆ ಒಳ್ಳೆಯ ಕೆಲಸ ಸಿಕ್ಕಿ, ಹೆಚ್ಚು ಸಂಬಳದ ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿಗೆ ಅರ್ಜಿ ಹಾಕುವ ದಿನ ಅದೇ ಕಡತವನ್ನು ಅಧಿಕಾರಿ ತೆರೆಯುತ್ತಾನೆ. ನಗದು ದುಡಿಮೆಯಲ್ಲಿ ಕೈ ಮುರಿದುಕೊಂಡರೆ ಅಪಘಾತ ವಿಮೆಯ ದಾರಿ ಹಿಡಿಯುವುದೂ ಕಷ್ಟ, ಸಂಬಳ ಕೊಡದಿದ್ದರೆ ದೂರು ಕೊಡಲು ಧೈರ್ಯವೂ ಇರುವುದಿಲ್ಲ. ಇದನ್ನೆಲ್ಲ ಚೆನ್ನಾಗಿ ಬಲ್ಲ ಮಾಲೀಕರು, ಕೆಲವೊಮ್ಮೆ ನಮ್ಮ ದೇಶದವರೇ, ಇಂಥ ಹುಡುಗರನ್ನೇ ಹುಡುಕುತ್ತಾರೆ.

ಬೇರೆ ದೇಶಗಳ ಕತೆಯನ್ನು ಬೇಗ ಹೇಳಿ ಮುಗಿಸಬಹುದು. ಆಸ್ಟ್ರಿಯಾದಲ್ಲಿ ಉನ್ನತ ಅರ್ಹತೆಯವರಿಗೆ ಆರು ತಿಂಗಳ ಹುಡುಕಾಟದ ವೀಸಾ ಇದೆ, ನೂರಕ್ಕೆ 70 ಅಂಕ ಬೇಕು, ಆದರೆ ಕೆಲಸದ ಪರವಾನಗಿಯಾದ ರೆಡ್-ವೈಟ್-ರೆಡ್ ಕಾರ್ಡ್ ಸಿಗುವವರೆಗೆ ಒಂದು ಗಂಟೆಯೂ ದುಡಿಯುವಂತಿಲ್ಲ. ಸ್ವೀಡನ್ 2022ರ ಜೂನಿನಿಂದ ಸ್ನಾತಕೋತ್ತರ ಮಟ್ಟದ ಪದವೀಧರರಿಗೆ ಮೂರರಿಂದ ಒಂಬತ್ತು ತಿಂಗಳು ಕೊಡುತ್ತಿದೆ, ಅಲ್ಲಿಯೂ ಆ ಪರವಾನಗಿಯ ಮೇಲೆ ದುಡಿಮೆಯಿಲ್ಲ. ಜಪಾನಿನಲ್ಲಿ ಅಲ್ಲೇ ಓದಿ ಮುಗಿಸಿದವರು ಆರು ತಿಂಗಳು, ಮತ್ತೊಮ್ಮೆ ವಿಸ್ತರಿಸಿ ಒಟ್ಟು ಒಂದು ವರ್ಷ ಹುಡುಕಬಹುದು, ಪ್ರತ್ಯೇಕ ಅನುಮತಿ ಪಡೆದರೆ ವಾರಕ್ಕೆ 28 ಗಂಟೆ ದುಡಿಯಬಹುದು. ಯುಎಇ 60, 90 ಅಥವಾ 120 ದಿನದ ವೀಸಾ ಕೊಡುತ್ತದೆ, ಅದರಲ್ಲಿ ಸಂದರ್ಶನಕ್ಕೆ ಹೋಗಬಹುದು, ಕೆಲಸಕ್ಕೆ ಹೋಗುವಂತಿಲ್ಲ. ಪರವಾನಗಿಯಿಲ್ಲದವರನ್ನು ದುಡಿಸಿಕೊಂಡರೆ ಮಾಲೀಕರಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂ ದಂಡ ಎಂದು 2024ರಲ್ಲಿ ಅಲ್ಲಿ ಕಾನೂನು ಬಿಗಿಯಾಗಿದೆ. ದುಬೈಯಲ್ಲಿ "ಮೊದಲು ಸೇರಿಕೊಳ್ಳಿ, ವೀಸಾ ಆಮೇಲೆ" ಎನ್ನುವವರ ಮಾತು ಕೇಳಿ ಹೋಗುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.

ಏಜೆಂಟರ ಬಗ್ಗೆ ಎರಡು ಮಾತು. ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸುವವರು 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಸಿಗಬೇಕು, ಮತ್ತು ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಚಾನ್ಸೆನ್‌ಕಾರ್ಟೆಗಂತೂ ಏಜೆಂಟರು ಬೇಕೆಂದೇ ಇಲ್ಲ. ಅರ್ಜಿಯನ್ನು ಜರ್ಮನಿಯ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲಿನಲ್ಲಿ ಸ್ವತಃ ಹಾಕಬಹುದು, ಕರ್ನಾಟಕದವರಿಗೆ ಬೆಂಗಳೂರಿನ ಕಾನ್ಸುಲೇಟ್ ಇದೆ, ವೀಸಾ ಶುಲ್ಕ 75 ಯೂರೋ. ಲಕ್ಷ ಕೇಳುವವರಿಗೆ ಅದು ಯಾವ ಕೆಲಸಕ್ಕೆ ಎಂದು ಬರೆದುಕೊಡಲು ಹೇಳಿ ನೋಡಿ.

ಇನ್ನು ಹುಡುಕಾಟ ಫಲಿಸಿದ ದಿನದ ವಿಚಾರ. ಎಂಟನೆಯ ತಿಂಗಳಿನಲ್ಲಿ ನಮ್ಮ ಎಂಜಿನಿಯರನಿಗೆ ಪೂರ್ಣಾವಧಿ ಕೆಲಸದ ಆಫರ್ ಬಂತು ಎನ್ನೋಣ. ಊರಿನಲ್ಲಿ ಸಿಹಿ ಹಂಚಲಿ, ಆದರೆ ಅವನು ಮರುದಿನವೇ ನಲವತ್ತು ಗಂಟೆಯ ಕೆಲಸಕ್ಕೆ ಹೋಗುವಂತಿಲ್ಲ. ಆಫರ್ ಪತ್ರ ಅನುಮತಿಯಲ್ಲ. ಊರಿಗೆ ಮರಳದೆ ಅಲ್ಲಿಯ ವಿದೇಶಿಯರ ಕಚೇರಿಯಲ್ಲೇ ಪರವಾನಗಿ ಬದಲಾಯಿಸಿಕೊಳ್ಳಬಹುದು ಎಂಬುದು ದೊಡ್ಡ ಅನುಕೂಲ. ಸಂಬಳ ಸಾಕಷ್ಟಿದ್ದರೆ ಬ್ಲೂ ಕಾರ್ಡ್. 2026ರಲ್ಲಿ ಅದಕ್ಕೆ ವರ್ಷಕ್ಕೆ 50,700 ಯೂರೋ, ಕೊರತೆಯ ವೃತ್ತಿಗಳಿಗೆ 45,934 ಯೂರೋಗಿಂತ ತುಸು ಹೆಚ್ಚು. ಅಷ್ಟಿಲ್ಲದಿದ್ದರೆ ನುರಿತ ಕೆಲಸಗಾರರ ಸಾಮಾನ್ಯ ಪರವಾನಗಿ. ವಿದ್ಯೆಗೆ ತಕ್ಕ ಕೆಲಸದ ಆಫರ್ ಇದ್ದೂ ಇವೆರಡರ ಷರತ್ತು ಹೊಂದದಿದ್ದರೆ ಕಾರ್ಡನ್ನು ಎರಡು ವರ್ಷದವರೆಗೆ ಮುಂದುವರಿಸಿಕೊಳ್ಳುವ ದಾರಿಯೂ ಇದೆ, ಅದಕ್ಕೆ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕು.

ದೊಡ್ಡ ನಗರಗಳಲ್ಲಿ ಆ ಕಚೇರಿಯ ದಿನಾಂಕ ಸಿಗುವುದೇ ಕಷ್ಟ. ಕಾರ್ಡಿನ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಪುರಾವೆ ಇಟ್ಟುಕೊಂಡಿರಬೇಕು. ಹೊಸ ಪರವಾನಗಿಯೋ, ಆ ಕೆಲಸಕ್ಕೆ ಅನುಮತಿಯಿದೆ ಎಂದು ಬರೆದ ತಾತ್ಕಾಲಿಕ ಪತ್ರವೋ ಕೈಗೆ ಬರುವವರೆಗೆ ಹಳೆಯ ಮಿತಿಯೇ ಮುಂದುವರಿಯುತ್ತದೆ. ಹಾಗಾಗಿ ಸೇರುವ ದಿನಾಂಕವನ್ನು ಕಂಪನಿಯ ಜೊತೆ ಮಾತನಾಡಿಕೊಳ್ಳುವಾಗ ಪರವಾನಗಿ ಬಂದ ನಂತರ ಎಂಬ ಷರತ್ತನ್ನು ಕರಾರಿನಲ್ಲೇ ಸೇರಿಸಿಕೊಳ್ಳುವುದು ಒಳ್ಳೆಯದು. ವಿದೇಶಿಯರನ್ನು ತೆಗೆದುಕೊಂಡು ಅಭ್ಯಾಸವಿರುವ ಕಂಪನಿಗಳು ಇದಕ್ಕೆ ಬೇಸರಪಡುವುದಿಲ್ಲ, ಅವರ ಕರಾರಿನಲ್ಲಿ ಆ ಸಾಲು ಮೊದಲೇ ಇರುತ್ತದೆ.